ಹಳೆಯ ಫೋರ್ ವೀಲ್ ಡ್ರೈವ್ ವಾಹನಗಳ ಟ್ರಾನ್ಸ್‌ಫರ್ ಕೇಸ್: ಗುರುತಿಸಿ ಕೊಳ್ಳಿ, ಗುರುತಿಸಿ ದಾಸ್ತಾನಿಡಿ

ಕೆಲವು ವರ್ಷಗಳ ಹಿಂದೆ ಮಾರ್ಚ್ 31ರ ದಾಸ್ತಾನು ಪರಿಶೀಲನೆಗೆಂದು ವಾಹನ ಬಿಡಿಭಾಗಗಳ ವರ್ತಕರೊಬ್ಬರ ಗೋದಾಮಿಗೆ ಹೋಗಿದ್ದೆ. ಸ್ಟಾಕ್ ರಿಜಿಸ್ಟರಿನಲ್ಲಿ ‘ಜೀಪ್ ಟ್ರಾನ್ಸ್‌ಫರ್ ಕೇಸ್ – 7’ ಎಂಬ ಒಂದೇ ಸಾಲು ಇತ್ತು. ಏಳಕ್ಕೂ ಒಂದೇ ಸರಾಸರಿ ದರ. ಗ್ರೀಸು, ಧೂಳು ಒರೆಸಿ ನೋಡಿದಾಗ ಅವು ಮೂರು ಬಗೆಯವೆಂದು ತಿಳಿಯಿತು. ಎರಡಂತೂ ಜೀಪಿನವೇ ಅಲ್ಲ, ಅಮೆರಿಕದ ದೊಡ್ಡ ಟ್ರಕ್ಕುಗಳವು. ನಮ್ಮ ಭಾಗದಲ್ಲಿ ಅವುಗಳಿಗೆ ಗಿರಾಕಿ ಇರಲಿಲ್ಲ. ಗುಜರಿ ಬೆಲೆಯೇ ಗತಿ. ಏಳರ ಪೂರ್ಣ ಮೌಲ್ಯವನ್ನು ಸೇರಿಸಿ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಸಲ್ಲಿಸಿಯಾಗಿತ್ತು. ಹಿಂದಿನ ಎರಡು ವರ್ಷ ಆ ಸಾಲಿಗೆ ಟಿಕ್ ಹಾಕಿದವನು ನಾನೇ ಎಂಬುದನ್ನೂ ಒಪ್ಪಿಕೊಳ್ಳಬೇಕು. ಎಣಿಸಿದ್ದೆ, ಗುರುತಿಸಿರಲಿಲ್ಲ. ಆ ಬಳಿಕ ಮೆಕ್ಯಾನಿಕರ ಬಳಿ ಕುಳಿತು ಕಲಿತದ್ದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇನೆ.

ಟ್ರಾನ್ಸ್‌ಫರ್ ಕೇಸ್ ಎಂದರೇನು?

ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಏರು ರಸ್ತೆ, ಕೆಸರುಗಳಲ್ಲಿ ಬಳಸುವ ಲೋ ಗೇರ್ ಕೂಡ ಸಾಮಾನ್ಯವಾಗಿ ಇದರಲ್ಲೇ ಇರುತ್ತದೆ. ಮಲೆನಾಡು, ಕೊಡಗಿನ ತೋಟಗಳಲ್ಲಿ ಓಡಾಡಿದ ಜೀಪುಗಳ ಮೂಲಕ ನಮಗೆ ಇದರ ಪರಿಚಯವಿದೆ. ಅಮೆರಿಕದ ವಿಲ್ಲಿಸ್ ಜೀಪಿನ ವಿನ್ಯಾಸವನ್ನೇ ಮಹೀಂದ್ರಾ ಸಂಸ್ಥೆ 1940ರ ದಶಕದ ಕೊನೆಯಿಂದ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಆದ್ದರಿಂದ ಅಮೆರಿಕದ ಹೆಸರುಗಳನ್ನು ತಿಳಿಯದೆ ಈ ವಸ್ತುವಿನ ವ್ಯಾಪಾರ ಸಾಧ್ಯವಿಲ್ಲ.

ವಾಹನದ ಹೆಸರನ್ನು ಮಾತ್ರ ನಂಬಿ ಕೊಳ್ಳುವುದು ಸರಿಯಲ್ಲ. ಐವತ್ತು ಅರವತ್ತು ವರ್ಷ ಓಡಿದ ಬಂಡಿಯಲ್ಲಿ ಯಾವ ಭಾಗವನ್ನು ಯಾರು ಯಾವಾಗ ಬದಲಿಸಿದರೋ ಹೇಳಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೇಸಿನ ಮೈಯನ್ನೇ ಪರೀಕ್ಷಿಸಬೇಕು.

ಗುರುತಿಸುವ ಕ್ರಮ

1. ಲೋಹ: ಒಂದು ಅಯಸ್ಕಾಂತ ಸಾಕು. ಅಂಟಿಕೊಂಡರೆ ಎರಕದ ಕಬ್ಬಿಣ, ಇಲ್ಲವಾದರೆ ಅಲ್ಯೂಮಿನಿಯಂ. ಸ್ಪೈಸರ್ (ಡಾನಾ) 18, 20, 300 ಹಾಗೂ ನ್ಯೂ ಪ್ರೊಸೆಸ್ 203, 205 ಕಬ್ಬಿಣದವು. 1980ರಲ್ಲಿ ಬಂದ ನ್ಯೂ ಪ್ರೊಸೆಸ್ 208 ಅಲ್ಯೂಮಿನಿಯಂನದು. ಅದರೊಳಗೆ ಚೈನ್ ಇರುತ್ತದೆ.

2. ಹಿಂದಿನ ಶಾಫ್ಟಿನ ಸ್ಥಾನ: ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಶಾಫ್ಟು ಗೇರ್‌ಬಾಕ್ಸಿನ ನೇರಕ್ಕೆ ಇಲ್ಲದೆ ಬಲಕ್ಕೆ ಸರಿದಿದ್ದರೆ ಅದು ಸ್ಪೈಸರ್ 18 ಆಗಿರುವ ಸಂಭವ ಹೆಚ್ಚು. ಎರಡನೆಯ ಮಹಾಯುದ್ಧದ ಜೀಪಿನಿಂದ 1971ರವರೆಗಿನ ಅಮೆರಿಕದ ಸಿಜೆ ಜೀಪುಗಳಲ್ಲಿ ಇದನ್ನೇ ಅಳವಡಿಸಲಾಗಿತ್ತು. ನಮ್ಮ ಸಿಜೆ-3ಬಿ ಜೀಪೂ ಇದೇ ಕುಲಕ್ಕೆ ಸೇರಿದ್ದು. ಶಾಫ್ಟು ನೇರದಲ್ಲೇ ಇದ್ದರೆ ಸ್ಪೈಸರ್ 20 (ಸಿಜೆಯಲ್ಲಿ 1972ರಿಂದ 1979) ಅಥವಾ 300 (1980ರಿಂದ 1986) ಇರಬಹುದು. ಇವು 18ರ ಜಾಗದಲ್ಲಿ ಸುಮ್ಮನೆ ಕೂರುವುದಿಲ್ಲ. ಹಿಂದಿನ ಆ್ಯಕ್ಸಲ್ಲಿನ ಡಿಫರೆನ್ಷಿಯಲ್ ಕೂಡ ಮಧ್ಯಕ್ಕೆ ಬರಬೇಕಾಗುತ್ತದೆ.

3. ಮುಂದಿನ ಶಾಫ್ಟಿನ ಬದಿ: ಅಮೆರಿಕದ ಪಟ್ಟಿಗಳಲ್ಲಿ ‘ಡ್ರೈವರ್ ಸೈಡ್’ ಎಂದರೆ ಎಡ ಬದಿ, ನಮ್ಮಲ್ಲಿ ಅದೇ ಮಾತಿಗೆ ಬಲ ಬದಿ ಎಂದರ್ಥ. ಈ ಒಂದು ಪದದಿಂದ ಇಡೀ ಖರೀದಿಯೇ ಹಾಳಾಗಬಹುದು. ಆರ್ಡರಿನಲ್ಲಿ ‘ವಾಹನದ ಮುಂದಕ್ಕೆ ಮುಖಮಾಡಿ ಕುಳಿತಾಗ ಎಡ/ಬಲ’ ಎಂದೇ ಬರೆಯಿರಿ. ನ್ಯೂ ಪ್ರೊಸೆಸ್ 205ರಲ್ಲಿ ಜನರಲ್ ಮೋಟಾರ್ಸ್ ಮತ್ತು ಡಾಡ್ಜ್ ಟ್ರಕ್ಕಿನದಾದರೆ ಮುಂದಿನ ಶಾಫ್ಟು ಬಲಕ್ಕೆ, ಫೋರ್ಡಿನದಾದರೆ ಎಡಕ್ಕೆ ಇರುತ್ತದೆ. ಸ್ಪೈಸರ್ 20ರಲ್ಲಿಯೂ ಜೀಪಿನದು ಬಲಕ್ಕೆ, ಫೋರ್ಡ್ ಬ್ರಾಂಕೊದ್ದು ಎಡಕ್ಕೆ. ನಂಬರು ಒಂದೇ, ವಸ್ತು ಬೇರೆ.

4. ಹಲ್ಲುಗಳ ಎಣಿಕೆ: ಗೇರ್‌ಬಾಕ್ಸ್ ಸೇರುವ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಹಲ್ಲುಗಳನ್ನು ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿ. 205ರಲ್ಲಿ ಜನರಲ್ ಮೋಟಾರ್ಸಿನವು 10, 27 ಅಥವಾ 32, ಫೋರ್ಡಿನವು 31, ಡಾಡ್ಜಿನವು ಹೆಚ್ಚಾಗಿ 23. ಮುಖದ ಬೋಲ್ಟು ರಂಧ್ರಗಳು ವೃತ್ತಾಕಾರದಲ್ಲಿವೆಯೋ, ಇಂಗ್ಲಿಷಿನ 8ರ ಆಕಾರದಲ್ಲಿವೆಯೋ ಎಂಬುದನ್ನೂ ಬರೆದಿಡಿ. ಜನರಲ್ ಮೋಟಾರ್ಸಿನ 205ರಲ್ಲಿ ಎರಡೂ ಬಗೆ ಉಂಟು. ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ ಚಿಕ್ಕ ಶಾಫ್ಟಿನ ಮೂಲಕ ದೂರದಲ್ಲಿ ಕೂರುವ 205 ಕೂಡ ಇದೆ.

5. ಲೋ ಗೇರಿನ ಅನುಪಾತ: ಕೇಸನ್ನು ಲೋ ಗೇರಿಗೆ ಹಾಕಿ ಇನ್‌ಪುಟ್ ಶಾಫ್ಟನ್ನು 10 ಸುತ್ತು ತಿರುಗಿಸಿ, ಔಟ್‌ಪುಟ್ ಎಷ್ಟು ಸುತ್ತಿತೆಂದು ನೋಡಿ. 205 (1.96), 203 (2.01), ಜೀಪಿನ 20 (2.03) ಇವು ಸುಮಾರು 5 ಸುತ್ತು ಸುತ್ತುತ್ತವೆ. 208 ಮತ್ತು 300 (ಎರಡೂ ಸುಮಾರು 2.6) ನಾಲ್ಕಕ್ಕೂ ತುಸು ಕಡಿಮೆ. ಸ್ಪೈಸರ್ 18ರಲ್ಲಿ ಯುದ್ಧಕಾಲದ್ದಕ್ಕೆ 1.97, ನಂತರದ ಸಿಜೆಗಳದ್ದಕ್ಕೆ 2.46. ಇದೊಂದೇ ಪರೀಕ್ಷೆಯಿಂದ ತೀರ್ಮಾನಿಸಬೇಡಿ. ಅನುಪಾತ ಒಂದೇ ಆದರೂ 208 ಅಲ್ಯೂಮಿನಿಯಂ, 300 ಕಬ್ಬಿಣ.

6. ಒಳಗಿನ ಶಾಫ್ಟು: ಸ್ಪೈಸರ್ 18ರ ಇಂಟರ್‌ಮೀಡಿಯೆಟ್ ಶಾಫ್ಟು ಮೂರು ಅಳತೆಗಳಲ್ಲಿ ಬಂದಿದೆ: ಮುಕ್ಕಾಲು ಇಂಚು, ಒಂದೂ ಒಂದೆಂಟಾಂಶ ಇಂಚು, ಒಂದೂಕಾಲು ಇಂಚು. ದಪ್ಪನೆಯದು ಇತ್ತೀಚಿನದು, ಹೆಚ್ಚು ಗಟ್ಟಿ. ರಿಪೇರಿ ಕಿಟ್ ಮಾರುವವರು ಈ ಅಳತೆ ಕೇಳದೆ ಮಾರಿದರೆ ಸರಕು ವಾಪಸು ಬಂದಂತೆಯೇ ಸರಿ.

203ರ ಬಗ್ಗೆ ಎಚ್ಚರ: 1970ರ ದಶಕದ ಈ ಕೇಸು ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವಂಥದು, ಒಳಗೆ ಚೈನ್ ಮತ್ತು ಡಿಫರೆನ್ಷಿಯಲ್ ಇವೆ. ಸುತ್ತು ಎಣಿಸುವಾಗ ಲಾಕ್ ಸ್ಥಾನದಲ್ಲಿ ಇಡಬೇಕು. ಇಂಧನ ಉಳಿಸಲೆಂದು ಅನೇಕ ಮಾಲೀಕರು ಕಿಟ್ ಹಾಕಿ ಇದನ್ನು ಸಾಮಾನ್ಯ ಬಗೆಗೆ ಬದಲಿಸಿಕೊಂಡಿದ್ದರು. ಮಾರುವವರನ್ನು ಇದನ್ನು ಕೇಳಿಯೇ ದರ ಮಾತನಾಡಿ.

ಲೆಕ್ಕಪತ್ರಕ್ಕೂ ಇದಕ್ಕೂ ಏನು ಸಂಬಂಧ?

ಸಂಬಂಧ ನೇರವಾದದ್ದು. ಲೆಕ್ಕಪತ್ರ ಮಾನದಂಡ 2ರ (ಎ.ಎಸ್.-2) ಪ್ರಕಾರ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಒಂದರ ಬದಲು ಇನ್ನೊಂದನ್ನು ಸಾಮಾನ್ಯವಾಗಿ ಬಳಸಲಾಗದ ವಸ್ತುಗಳ ಅಸಲನ್ನು ಬಿಡಿಬಿಡಿಯಾಗಿಯೇ ಗುರುತಿಸಬೇಕೆಂದೂ ಅದು ಹೇಳುತ್ತದೆ. ಟ್ರಾನ್ಸ್‌ಫರ್ ಕೇಸುಗಳಿಗೆ ಸರಾಸರಿ ದರ ಒಗ್ಗದು.

ಉದಾಹರಣೆಗೆ, ತಲಾ ರೂ. 20,000ದಂತೆ ಐದು ಕೇಸು ಕೊಂಡಿದ್ದೀರಿ ಎಂದುಕೊಳ್ಳೋಣ. ಪುಸ್ತಕದಲ್ಲಿ ಮೌಲ್ಯ ರೂ. 1,00,000. ಗುರುತಿಸಿದಾಗ ಎರಡಕ್ಕೆ ತಲಾ ರೂ. 6,000 ಮಾತ್ರ ಬರುವಂತಿದ್ದರೆ ಸರಿಯಾದ ಮೌಲ್ಯ ರೂ. 72,000. ಉಳಿದ ರೂ. 28,000 ಇಲ್ಲದ ಆಸ್ತಿ. ಅದರ ಮೇಲೆ ಬ್ಯಾಂಕಿನಿಂದ ಪಡೆದ ಸಾಲಕ್ಕೆ ಬಡ್ಡಿ ಮಾತ್ರ ನಿಜ.

ಜಿಎಸ್‌ಟಿಯಲ್ಲಿಯೂ ಇದೇ ಪಾಠ. ಬಳಸಿದ ವಸ್ತುಗಳ ವರ್ತಕರು, ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದಿದ್ದರೆ, ಕೇಂದ್ರ ಜಿಎಸ್‌ಟಿ ನಿಯಮ 32(5)ರಂತೆ ಖರೀದಿ ಮತ್ತು ಮಾರಾಟ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟುವ ಅವಕಾಶವಿದೆ. ವಸ್ತುವನ್ನು ಇದ್ದ ಹಾಗೆಯೇ ಅಥವಾ ಅದರ ಸ್ವರೂಪ ಬದಲಾಗದಂಥ ಅಲ್ಪ ದುರಸ್ತಿ ಮಾಡಿ ಮಾರಿರಬೇಕು. ಯಾವ ಕೇಸಿಗೆ ಎಷ್ಟು ಕೊಟ್ಟಿರಿ, ಅದನ್ನೇ ಎಷ್ಟಕ್ಕೆ ಮಾರಿದಿರಿ ಎಂದು ತೋರಿಸಲಾಗದಿದ್ದರೆ ಈ ಸೌಲಭ್ಯವನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಹೊರದೇಶದಿಂದ ಹಳೆಯ ಭಾಗ ತರಿಸುವವರು, ಬಳಸಿದ ಸರಕಿನ ಆಮದಿಗೆ ವಿದೇಶ ವ್ಯಾಪಾರ ನೀತಿಯಲ್ಲಿರುವ ನಿರ್ಬಂಧಗಳನ್ನು ಆರ್ಡರಿಗೆ ಮೊದಲೇ ವಿಚಾರಿಸಬೇಕು.

ಸದಸ್ಯರು ಮಾಡಬೇಕಾದದ್ದು

ಪ್ರತಿ ಕೇಸಿಗೂ ಒಂದು ತಗಡಿನ ಚೀಟಿ ಕಟ್ಟಿ ನಂಬರು ಕೊಡಿ. ಅದೇ ನಂಬರಿನ ಕಾರ್ಡಿನಲ್ಲಿ ಲೋಹ, ಶಾಫ್ಟಿನ ಬದಿ, ಹಲ್ಲುಗಳ ಸಂಖ್ಯೆ, ಅನುಪಾತ, ಎರಕದ ಮೇಲಿನ ಅಂಕಿಗಳು, ಖರೀದಿ ಬಿಲ್ಲಿನ ನಂಬರು, ದರ ಇಷ್ಟನ್ನು ಬರೆಯಿರಿ. ಒಂದು ಕೇಸಿಗೆ ಅರ್ಧ ಗಂಟೆಯ ಕೆಲಸ. ಮೇಲೆ ಹೇಳಿದ ವರ್ತಕರು ಆ ವರ್ಷ ನಷ್ಟವನ್ನು ಬರೆದುಹಾಕಿ, ಬ್ಯಾಂಕಿಗೆ ತಿದ್ದಿದ ಸ್ಟೇಟ್‌ಮೆಂಟ್ ಕೊಟ್ಟರು. ಈಗ ಅವರ ರಿಜಿಸ್ಟರಿನಲ್ಲಿ ಒಂದೊಂದು ಕೇಸಿಗೂ ಒಂದೊಂದು ಸಾಲು ಇದೆ. ಅಯಸ್ಕಾಂತವಿಲ್ಲದೆ ನಾನೂ ಆ ಗೋದಾಮಿಗೆ ಹೋಗುವುದಿಲ್ಲ.