ಗ್ರಾಫ್ ಶೀಟ್ ಮೇಲೊಂದು ಸಂಗೀತ

ಜರ್ಮನಿಯ ಡೊನಾವೆಶಿಂಗೆನ್ ಒಂದು ಸಣ್ಣ ಊರು. ಹೊಸ ಸಂಗೀತಕ್ಕಂತಲೇ ಅಲ್ಲಿ 1921ರಲ್ಲಿ ಶುರುವಾದ ಉತ್ಸವ ಈಗಲೂ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತೆ. ಯಾರೂ ಕೇಳಿರದ ಕೃತಿಗಳ ಮೊದಲ ಪ್ರದರ್ಶನವೇ ಅದರ ವಿಶೇಷ.

1955ರಲ್ಲಿ ಅಲ್ಲಿ 'ಮೆಟಾಸ್ಟಾಸಿಸ್' ನುಡಿಸಿದರು. ರಚಿಸಿದವರು ಯಾನಿಸ್ ಕ್ಸೆನಾಕಿಸ್. ಅಥೆನ್ಸ್‌ನಲ್ಲಿ ಸಿವಿಲ್ ಓದಿ, ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ ಬಳಿ ಕೆಲಸಕ್ಕಿದ್ದ ಎಂಜಿನಿಯರ್. ಅಂದ್ರೆ ನಮ್ಮವರೇ!

ಒಂದು ಗ್ರಾಫ್ ಶೀಟ್ ತಗೊಳ್ಳಿ. ಎಕ್ಸ್ ಅಕ್ಷ ಕಾಲ, ವೈ ಅಕ್ಷ ಶ್ರುತಿ. ಒಂದೇ ಸ್ವರದಲ್ಲಿ ನಿಂತರೆ ಅಡ್ಡಗೆರೆ. ಪಿಟೀಲಿನ ತಂತಿ ಮೇಲೆ ಬೆರಳು ಜಾರಿಸಿದರೆ ಓರೆಗೆರೆ. ಸ್ಲೋಪ್ ಹೆಚ್ಚಾದಷ್ಟೂ ಜಾರು ವೇಗ. ಈ ಕೃತಿಯ 46 ತಂತಿವಾದ್ಯಗಳಲ್ಲಿ ಒಂದೊಂದಕ್ಕೂ ಅದರದೇ ಗೆರೆ. ಶುರುವಲ್ಲಿ ಎಲ್ಲರದೂ ಒಂದೇ ಸ್ವರ. ಆಮೇಲೆ ಬೀಸಣಿಗೆ ಬಿಚ್ಚಿದಂಗೆ ಹರಡುತ್ತೆ. ಕೊನೆಯ ಭಾಗದಲ್ಲಂತೂ ಸರಳರೇಖೆಗಳೇ ಸೇರಿ ಬಾಗಿದ ಆಕಾರ ಮೂಡುತ್ತೆ. ಇದೇ ಯೋಚನೆ 1958ರ ಬ್ರಸೆಲ್ಸ್ ಮೇಳದಲ್ಲಿ ಫಿಲಿಪ್ಸ್ ಪೆವಿಲಿಯನ್‌ನ ಕಾಂಕ್ರೀಟ್ ಗೋಡೆಯಾಯ್ತು.

ಇದರಲ್ಲಿ ರಾಗ, ತಾಳ ಹುಡುಕಿದರೆ ಸಿಗಲ್ಲ. 'ಇದೆಂಥ ಗಲಾಟೆ' ಅನ್ನಿಸಬಹುದು. ಹೆಡ್‌ಫೋನ್ ಹಾಕ್ಕೊಂಡು, ಆ ಗೆರೆಗಳನ್ನ ನೆನೆಸಿಕೊಂಡು ಇನ್ನೊಂದ್ಸಲ ಕೇಳಿ. ಇಷ್ಟವಾಯ್ತೋ ಇಲ್ವೋ, ಆಮೇಲೆ ಹೇಳಿ.