ತಂತ್ರಾಂಶದ ಬೆಲೆ: ಖರೀದಿಯೋ, ಬಾಡಿಗೆಯೋ, ಬಳಕೆಯ ಲೆಕ್ಕವೋ?

ಮಾನ್ವಿ ಭಾಗದ ಭತ್ತದ ಬೆಳೆಗಾರರಲ್ಲಿ ಹೆಚ್ಚಿನವರು ಕೊಯ್ಲು ಯಂತ್ರವನ್ನು ಕೊಳ್ಳುವುದಿಲ್ಲ. ಸುಗ್ಗಿಯ ಕಾಲಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಿಸಿಕೊಳ್ಳುತ್ತಾರೆ. ಅದೇ ಊರಿನ ಅಕ್ಕಿ ಗಿರಣಿಯ ಮಾಲೀಕರು ಯಂತ್ರವನ್ನು ಕೊಂಡೇ ಹಾಕಿಸುತ್ತಾರೆ. ಎರಡೂ ಸರಿಯಾದ ತೀರ್ಮಾನಗಳೇ. ಬಳಕೆ ಎಷ್ಟೆಂಬುದನ್ನು ನೋಡಿ ಕೊಳ್ಳುವುದೋ ಬಾಡಿಗೆಯೋ ಎಂದು ನಿರ್ಧರಿಸುವ ವಿವೇಕ ನಮ್ಮ ವ್ಯಾಪಾರಸ್ಥರಿಗೆ ಹೊಸದಲ್ಲ. ಆದರೆ ಅಂಗಡಿಯ ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ತಂತ್ರಾಂಶದ ವಿಷಯ ಬಂದಾಗ, ಇದೇ ವಿವೇಕವನ್ನು ಬದಿಗಿಟ್ಟು ಮಾರಾಟಗಾರರು ಹೇಳಿದ ದರಕ್ಕೆ ಒಪ್ಪಿಬಿಡುವುದುಂಟು. ತಂತ್ರಾಂಶಕ್ಕೆ ಬೆಲೆ ಕಟ್ಟುವ ಬಗೆಗಳನ್ನು ಸದಸ್ಯರಿಗೆ ಪರಿಚಯಿಸಿ, ತಮಗೆ ಹೊಂದುವುದನ್ನು ತಾವೇ ಲೆಕ್ಕ ಹಾಕಿಕೊಳ್ಳುವ ಕ್ರಮವನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ನಾವು ಕೊಳ್ಳುವುದೇನು?

ತಂತ್ರಾಂಶಕ್ಕೆ ಹಣ ಕೊಟ್ಟವನು ತಂತ್ರಾಂಶದ ಒಡೆಯನಾಗುವುದಿಲ್ಲ. ಅವನಿಗೆ ದೊರೆಯುವುದು ಬಳಸುವ ಅನುಮತಿ ಮಾತ್ರ. ಅದನ್ನೇ ಪರವಾನಗಿ ಎನ್ನುತ್ತೇವೆ. ಅಂಗಡಿಯಲ್ಲಿ ಪೆಟ್ಟಿಗೆಯೊಳಗಿಟ್ಟು ಮಾರುವ ಸಿದ್ಧ ತಂತ್ರಾಂಶವು ಮಾರಾಟ ತೆರಿಗೆಯ ದೃಷ್ಟಿಯಿಂದ ಸರಕು ಎಂದು ಸರ್ವೋಚ್ಚ ನ್ಯಾಯಾಲಯವು ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ 2004ರಲ್ಲಿ ತೀರ್ಪಿತ್ತಿತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಅದೇ ನ್ಯಾಯಾಲಯವು, ಅಂತಿಮ ಬಳಕೆದಾರನಿಗೆ ಇಂತಹ ಪರವಾನಗಿಯಿಂದ ಕೃತಿಸ್ವಾಮ್ಯದ ಹಕ್ಕು ಬರುವುದಿಲ್ಲವೆಂದು ಸ್ಪಷ್ಟಪಡಿಸಿತು. ಪುಸ್ತಕ ಕೊಂಡವನಿಗೆ ಓದುವ ಹಕ್ಕಿದೆ, ಅಚ್ಚು ಹಾಕಿ ಮಾರುವ ಹಕ್ಕಿಲ್ಲ; ಇಲ್ಲಿಯೂ ಹಾಗೆಯೇ.

ಆದ್ದರಿಂದ ಒಂದು ಗಣಕಯಂತ್ರದ ಪರವಾನಗಿಯನ್ನು ಮೂರು ಅಂಗಡಿಗಳಲ್ಲಿ ನಕಲು ಮಾಡಿ ಹಾಕಿಕೊಳ್ಳುವುದು ಉಳಿತಾಯವಲ್ಲ. ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಬಳಕೆಯಲ್ಲದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಡಲು ಅವಕಾಶವಿದೆ. ವ್ಯಾಪಾರಸ್ಥರಿಗೆ ಆ ರಿಯಾಯಿತಿ ಇಲ್ಲ. ಸಕ್ರಮವಾಗಿ ಪಡೆದ ತಂತ್ರಾಂಶದ ಪ್ರತಿಯೊಂದನ್ನು ನಷ್ಟದ ವಿರುದ್ಧ ರಕ್ಷಣೆಗಾಗಿ ತೆಗೆದಿಟ್ಟುಕೊಳ್ಳಲು ಮಾತ್ರ ಅದೇ ಕಾಯಿದೆ ಅವಕಾಶ ನೀಡಿದೆ.

2. ಬೆಲೆ ಕಟ್ಟುವ ಮೂರು ಬಗೆ

ಮೊದಲಿಗೆ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ದೊಡ್ಡ ಗಣಕಯಂತ್ರಗಳನ್ನು ತಿಂಗಳ ಬಾಡಿಗೆಗೆ ಕೊಡುತ್ತಿದ್ದ ಐಬಿಎಂ ಸಂಸ್ಥೆ ತಂತ್ರಾಂಶವನ್ನು ಯಂತ್ರದ ಜೊತೆಗೇ ಸೇರಿಸಿ ಒದಗಿಸುತ್ತಿತ್ತು. 1969ರಲ್ಲಿ ಅದು ಎರಡನ್ನೂ ಬೇರ್ಪಡಿಸಿ ಬೆಲೆ ನಿಗದಿ ಮಾಡುವುದಾಗಿ ಘೋಷಿಸಿದ ಮೇಲೆ ತಂತ್ರಾಂಶವು ಸ್ವತಂತ್ರ ವ್ಯಾಪಾರವಾಗಿ ಬೆಳೆಯಿತು. ಇಂದು ನಮ್ಮ ಮುಂದಿರುವ ಬಗೆಗಳು ಮುಖ್ಯವಾಗಿ ಮೂರು.

(ಅ) ಶಾಶ್ವತ ಪರವಾನಗಿ: ಒಮ್ಮೆ ಹಣ ಕೊಟ್ಟು ಕಾಲಮಿತಿಯಿಲ್ಲದೆ ಬಳಸುವುದು. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ 'ಟ್ಯಾಲಿ' ನಮ್ಮ ಅಂಗಡಿಗಳಿಗೆ ಈ ಬಗೆಯಲ್ಲಿಯೇ ಪರಿಚಿತವಾಯಿತು. ಅದರಲ್ಲಿ 'ಸಿಲ್ವರ್' ಎಂದರೆ ಒಬ್ಬ ಬಳಕೆದಾರನಿಗೆ, 'ಗೋಲ್ಡ್' ಎಂದರೆ ಒಂದೇ ಜಾಲದಲ್ಲಿರುವ ಹಲವರಿಗೆ. ಹೊಸ ಪರಿಷ್ಕರಣೆಗಳು ಬೇಕಾದರೆ ವಾರ್ಷಿಕ ನವೀಕರಣ ಶುಲ್ಕ ಬೇರೆ.

(ಆ) ಅವಧಿ ಬಾಡಿಗೆ: ತಿಂಗಳು ಅಥವಾ ವರ್ಷದ ಚಂದಾ. ಕಟ್ಟುವವರೆಗೆ ಬಳಕೆ, ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ.

(ಇ) ಬಳಕೆಯ ಲೆಕ್ಕ: ಬಿಲ್ಲಿಗಿಷ್ಟು, ಸಂದೇಶಕ್ಕಿಷ್ಟು, ಗಂಟೆಗಿಷ್ಟು ಅಥವಾ ವಹಿವಾಟಿನ ಮೌಲ್ಯಕ್ಕಿಷ್ಟು ಎಂದು ವಿದ್ಯುತ್ ಮೀಟರಿನಂತೆ ಎಣಿಸುವುದು. ಅಮೆಜಾನ್ ಸಂಸ್ಥೆ 2006ರಲ್ಲಿ ತನ್ನ ಗಣಕಯಂತ್ರಗಳ ಸಾಮರ್ಥ್ಯವನ್ನು ಗಂಟೆಯ ಲೆಕ್ಕದಲ್ಲಿ ಹೊರಗಿನವರಿಗೆ ಒದಗಿಸಲಾರಂಭಿಸಿದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ರಾಜೇಂದ್ರ ಗಂಜ್‌ನ ವ್ಯಾಪಾರಸ್ಥರಿಗೆ ಇದರ ಹತ್ತಿರದ ಉದಾಹರಣೆ ಕೃಷಿ ಮಾರುಕಟ್ಟೆಯಲ್ಲೇ ಇದೆ. 2014ರಲ್ಲಿ ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯ ತಂತ್ರಾಂಶವನ್ನು ಯಾವ ವರ್ತಕನೂ ಕೊಂಡಿಲ್ಲ. ಅದನ್ನು ನಡೆಸುವ ಸಂಸ್ಥೆಯ ಆದಾಯವು ಅಲ್ಲಿ ನಡೆಯುವ ವಹಿವಾಟಿನ ಮೌಲ್ಯಕ್ಕೆ ತಳುಕು ಹಾಕಿಕೊಂಡಿದೆ.

3. ಒಂದು ಅಭ್ಯಾಸದ ಲೆಕ್ಕ

ಕೆಳಗಿನ ಅಂಕಿಗಳನ್ನು ಅಭ್ಯಾಸಕ್ಕೆಂದು ಹಿಡಿಯಲಾಗಿದೆ. ಇವು ಯಾವ ಸಂಸ್ಥೆಯ ದರಗಳೂ ಅಲ್ಲ. ಶಾಶ್ವತ ಪರವಾನಗಿಗೆ 24,000 ರೂಪಾಯಿ, ಎರಡನೆಯ ವರ್ಷದಿಂದ ನವೀಕರಣಕ್ಕೆ ವರ್ಷಕ್ಕೆ 5,000 ರೂಪಾಯಿ ಎಂದಿರಲಿ. ಐದು ವರ್ಷಗಳಿಗೆ ಒಟ್ಟು 44,000, ಅಂದರೆ ವರ್ಷಕ್ಕೆ 8,800 ರೂಪಾಯಿ. ತಿಂಗಳ ಬಾಡಿಗೆ 900 ರೂಪಾಯಿಯಾದರೆ ವರ್ಷಕ್ಕೆ 10,800. ಬಳಕೆಯ ದರ ಬಿಲ್ಲಿಗೆ 2 ರೂಪಾಯಿ.

ದೇವದುರ್ಗದ ಒಬ್ಬ ಹತ್ತಿ ಅಡತ್ ವ್ಯಾಪಾರಿಗೆ ವರ್ಷಕ್ಕೆ 2,500 ಬಿಲ್ಲುಗಳು, ಅವೂ ಬಹುತೇಕ ಹತ್ತಿ ಬರುವ ತಿಂಗಳುಗಳಲ್ಲೇ ಎನ್ನೋಣ. ಬಳಕೆಯ ಲೆಕ್ಕದಲ್ಲಿ ಅವರ ವೆಚ್ಚ 5,000 ರೂಪಾಯಿ, ಇದೇ ಅಗ್ಗ. ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ವರ್ಷವಿಡೀ 7,000 ಬಿಲ್ಲುಗಳಾದರೆ ಅದೇ ಲೆಕ್ಕದಲ್ಲಿ 14,000 ರೂಪಾಯಿ. ಅವರಿಗೆ ಕೊಳ್ಳುವುದೇ ಲಾಭ. ಎರಡೂ ಸಮವಾಗುವ ಗಡಿ 8,800ನ್ನು 2ರಿಂದ ಭಾಗಿಸಿದಾಗ ಸಿಗುವ 4,400 ಬಿಲ್ಲುಗಳು. ತಮ್ಮ ಅಂಗಡಿಯ ಕಳೆದ ವರ್ಷದ ಬಿಲ್ಲುಗಳನ್ನು ಎಣಿಸಿದರೆ ತಾವು ಗಡಿಯ ಯಾವ ಬದಿಗಿದ್ದೇವೆಂದು ಪ್ರತಿಯೊಬ್ಬರಿಗೂ ತಿಳಿಯುತ್ತದೆ.

ಆದರೆ 'ಬಿಲ್ಲು' ಎಂದರೇನು? ಒಂದೇ ವ್ಯವಹಾರದ ಖರೀದಿ ಪಟ್ಟಿ, ಮಾರಾಟದ ಬಿಲ್ಲು ಮತ್ತು ಇ-ವೇ ಬಿಲ್ಲು ಮೂರನ್ನೂ ಒಪ್ಪಂದವು ಬೇರೆಬೇರೆಯಾಗಿ ಎಣಿಸುವುದಾದರೆ, ದೇವದುರ್ಗದ ವ್ಯಾಪಾರಿಯ 2,500 ಎಂಬುದು 7,500 ಆಗಿ, ವೆಚ್ಚ 15,000 ರೂಪಾಯಿಗೆ ಏರುತ್ತದೆ. ಅಗ್ಗವೆಂದು ತೋರಿದ್ದೇ ಮೂರರಲ್ಲಿ ಅತಿ ದುಬಾರಿಯಾಗುತ್ತದೆ. ದರಕ್ಕಿಂತ ಮೊದಲು ಅಳತೆಯನ್ನು ಕೇಳಬೇಕು. ತೂಕದ ಕಲ್ಲನ್ನು ನೋಡದೆ ಧಾರಣೆ ಒಪ್ಪುವ ವರ್ತಕನಿಲ್ಲ, ಇಲ್ಲಿಯೂ ಒಪ್ಪಬಾರದು.

4. ಲೆಕ್ಕದಲ್ಲಿ ಕಾಣದ ಹೊರೆಗಳು

ಮೊದಲನೆಯದು, ಹಳೆಯ ಲೆಕ್ಕಪತ್ರಗಳ ಹೊಣೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣದಂತೆ, ಆಯಾ ವರ್ಷದ ವಾರ್ಷಿಕ ವಿವರಣಿ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಹಂಗಾಮು ಮುಗಿಯಿತೆಂದು ಬಾಡಿಗೆ ನಿಲ್ಲಿಸಿದ ವ್ಯಾಪಾರಿಗೆ ಐದನೆಯ ವರ್ಷದಲ್ಲಿ ನೋಟೀಸು ಬಂದರೆ, ಅವರ ಕಿರ್ದಿ ಮತ್ತು ಖಾತೆಗಳೆಲ್ಲ ಬೇರೊಬ್ಬರ ಬೀಗದೊಳಗಿರುತ್ತವೆ. ಬಾಡಿಗೆ ಮನೆಯನ್ನು ಬಿಡುವಾಗ ನಮ್ಮ ಪೆಟ್ಟಿಗೆಗಳನ್ನು ಹೊತ್ತು ತರುತ್ತೇವೆ. ತಂತ್ರಾಂಶವನ್ನು ಬಿಡುವಾಗಲೂ ಲೆಕ್ಕಗಳನ್ನು ಹೊರತರಲೇಬೇಕು.

ಎರಡನೆಯದು, ಕಾನೂನಿನ ಬದಲಾವಣೆ. 2017ರ ಜುಲೈ 1ರಂದು ಹೊಸ ತೆರಿಗೆ ಬಂದಾಗ ಹಳೆಯ ಆವೃತ್ತಿಗಳು ಪರಿಷ್ಕರಣೆಯಿಲ್ಲದೆ ಕೆಲಸಕ್ಕೆ ಬಾರದಾದವು. 2022ರ ಜುಲೈ 18ರಿಂದ 25 ಕಿಲೋಗ್ರಾಂವರೆಗಿನ, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಯ ಚೀಲಕ್ಕೆ ಶೇ. 5 ತೆರಿಗೆ ಬಂದಿತು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟುದಾರರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆದ್ದರಿಂದ ಶಾಶ್ವತ ಪರವಾನಗಿಯ ಬೆಲೆಯೊಂದಿಗೆ ನವೀಕರಣದ ವೆಚ್ಚವನ್ನೂ ಸೇರಿಸಿಯೇ ಹೋಲಿಸತಕ್ಕದ್ದು.

ಮೂರನೆಯದು, ತೆರಿಗೆಯ ಜಮಾ. ತಂತ್ರಾಂಶ ಪರವಾನಗಿಯ ಮೇಲಿನ ಶೇ. 18 ತೆರಿಗೆಯನ್ನು, ತೆರಿಗೆಗೆ ಒಳಪಟ್ಟ ಸರಕು ಮಾರುವ ನೋಂದಾಯಿತ ವರ್ತಕರು ಜಮಾ ಪಡೆಯಬಹುದು. ಕೇವಲ ವಿನಾಯಿತಿ ಪಡೆದ ಸರಕನ್ನು ಮಾರುವವರಿಗೂ ರಾಜಿ ತೆರಿಗೆ ಪದ್ಧತಿಯವರಿಗೂ ಆ ಜಮಾ ದೊರೆಯದು. ಅವರು ತೆರಿಗೆಯನ್ನು ವೆಚ್ಚವಾಗಿಯೇ ಹಿಡಿಯಬೇಕು.

5. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

* ಎಣಿಕೆಯ ಘಟಕ ಯಾವುದು? ರದ್ದಾದ ಅಥವಾ ತಿದ್ದಿದ ಬಿಲ್ಲನ್ನೂ ಎಣಿಸುತ್ತಾರೆಯೇ?
* ಎಣಿಕೆಯನ್ನು ನಾವು ಯಾವಾಗ ಬೇಕಾದರೂ ನೋಡಬಹುದೇ? ತಿಂಗಳ ಗರಿಷ್ಠ ಮಿತಿ ಗೊತ್ತುಪಡಿಸಲು ಅವಕಾಶವಿದೆಯೇ?
* ಕನಿಷ್ಠ ಶುಲ್ಕವಿದೆಯೇ? ಹಂಗಾಮಿಲ್ಲದ ತಿಂಗಳಲ್ಲಿಯೂ ಅದನ್ನು ಕಟ್ಟಬೇಕೇ?
* ದರ ಏರಿಸುವ ಮೊದಲು ಎಷ್ಟು ದಿನಗಳ ಸೂಚನೆ ಕೊಡುತ್ತಾರೆ?
* ಅಂತರ್ಜಾಲ ಸಂಪರ್ಕ ಕಡಿದ ದಿನ ಬಿಲ್ಲು ಬರೆಯಲು ಸಾಧ್ಯವೇ?
* ಬಿಟ್ಟುಹೋಗುವಾಗ ನಮ್ಮ ಲೆಕ್ಕಗಳನ್ನು ಬೇರೆ ತಂತ್ರಾಂಶದಲ್ಲಿ ತೆರೆಯಬಲ್ಲ ರೂಪದಲ್ಲಿ ಕೊಡುತ್ತಾರೆಯೇ? ಅದಕ್ಕೆ ಶುಲ್ಕವೆಷ್ಟು?

ಉತ್ತರಗಳು ಬಾಯಿಮಾತಿನಲ್ಲಿ ಉಳಿಯದೆ ಒಪ್ಪಂದದ ಕಾಗದದಲ್ಲಿರಬೇಕು. ಯಾವ ಬಗೆಯನ್ನೇ ಆರಿಸಿಕೊಂಡರೂ ಪ್ರತಿ ತಿಂಗಳ ಕೊನೆಗೆ ಕಿರ್ದಿ ಹಾಗೂ ಖಾತೆಗಳನ್ನು ಹೊರತೆಗೆದು, ಬೇರೊಂದು ಸಾಧನದಲ್ಲಿ ಉಳಿಸಿ, ಅದನ್ನು ಅಂಗಡಿಯಲ್ಲದೆ ಮತ್ತೊಂದು ಸ್ಥಳದಲ್ಲಿಡುವ ರೂಢಿಯನ್ನು ಲೆಕ್ಕಿಗರಿಗೆ ಕಲಿಸತಕ್ಕದ್ದು.

ದೀಪಾವಳಿಯಂದು ಲಕ್ಷ್ಮೀಪೂಜೆಯಲ್ಲಿ ಹೊಸ ಖಾತೆ ಪುಸ್ತಕವನ್ನಿಟ್ಟು ಪೂಜಿಸುವ ಪರಂಪರೆ ನಮ್ಮದು. ಪುಸ್ತಕದ ಜಾಗದಲ್ಲಿ ಇಂದು ಗಣಕಯಂತ್ರ ಬಂದಿರಬಹುದು. ಆದರೆ ಆ ಪುಸ್ತಕ ನಮ್ಮ ಕಪಾಟಿನಲ್ಲಿತ್ತು, ಅದರ ಬೀಗದ ಕೈ ನಮ್ಮ ಸೊಂಟದಲ್ಲಿತ್ತು. ತಂತ್ರಾಂಶವು ಬಾಡಿಗೆಯದಾಗಿರಲಿ, ಬಳಕೆಯ ಲೆಕ್ಕದ್ದಾಗಿರಲಿ, ಲೆಕ್ಕ ಮಾತ್ರ ನಮ್ಮದಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ವರ್ತಕನ ಕರ್ತವ್ಯ.