ಹಡಗಲಿ ಸೀಮೆಯ ಚಾಲುಕ್ಯ ಗುಡಿಗಳು: ಮೊಬೈಲ್ ಹಿಡಿದು ಹೊರಟವರಿಗೆ

ಹೂವಿನಹಡಗಲಿ ಅಂದರೆ ಮಲ್ಲಿಗೆ, ಮೈಲಾರ ಅಂದರೆ ಕಾರಣಿಕ. ಇದೇ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಇವೆ ಎಂಬುದು ಹಂಪಿಗೆ ಓಡುವವರ ತಲೆಗೆ ಹೊಳೆಯುವುದಿಲ್ಲ. ಫೋಟೋ ತೆಗೆಯಲು ಈಗಷ್ಟೇ ಕಲಿಯುತ್ತಿರುವವರಿಗೆ ನಾನಂತೂ ಹಂಪಿಗಿಂತ ಮೊದಲು ಇವನ್ನೇ ಹೇಳುತ್ತೇನೆ. ಜನರ ನೂಕುನುಗ್ಗಲಿಲ್ಲ, ಗುಡಿಗಳು ಚಿಕ್ಕವು, ಕೆತ್ತನೆಯೆಲ್ಲ ಕೈಗೆಟುಕುವಷ್ಟು ಹತ್ತಿರ.

ಹಂತ 1: ಒಂದು ಗುಡಿ ಆರಿಸಿ

ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಹುಚ್ಚು ಬೇಡ. ಹಡಗಲಿ ಊರೊಳಗೇ ಕೇಶವಸ್ವಾಮಿ ಗುಡಿ ಇದೆ, ಮಾಗಳದಲ್ಲಿ ವೇಣುಗೋಪಾಲನ ಗುಡಿ. ಹಿರೇಹಡಗಲಿಯ ಕಲ್ಲೇಶ್ವರವನ್ನು 1057ರಲ್ಲಿ ಕಟ್ಟಿಸಿದವನು ಮೊದಲನೆಯ ಸೋಮೇಶ್ವರನ ಮಂತ್ರಿ ದೇಮರಸ. ಆ ಸೋಮೇಶ್ವರ 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯಾದದ್ದು ಕುರುವತ್ತಿಯಲ್ಲಿ. ಅಲ್ಲಿನ ಮಲ್ಲಿಕಾರ್ಜುನ ಗುಡಿಯಲ್ಲಿ ಕಂಬದ ನೆತ್ತಿಯಿಂದ ಹೊರಬಾಗಿ ನಿಂತ ಮದನಿಕೆಯರಿದ್ದಾರೆ, ಬೇಲೂರಿನವರಿಗಿಂತ ಹಿರಿಯರು. ಇನ್ನೊಂದು ದಿನ ಸಿಕ್ಕರೆ ಹರಪನಹಳ್ಳಿ ಕಡೆಯ ಬಾಗಳಿ. ಮೊದಲ ಸಲಕ್ಕೆ ಹಿರೇಹಡಗಲಿಯೊಂದೇ ಸಾಕು.

ಹಂತ 2: ದಿನ ನೋಡಿಕೊಂಡು ಹೊರಡಿ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆ, ಶಿವರಾತ್ರಿ ಸುಮಾರಿಗೆ ಕುರುವತ್ತಿ ಬಸವೇಶ್ವರನ ತೇರು. ಜಾತ್ರೆಯ ಫೋಟೋ ಬೇಕಿದ್ದವರು ಆಗಲೇ ಹೋಗಲಿ, ಗುಡಿಯ ಫೋಟೋ ಬೇಕಿದ್ದವರು ಆ ವಾರ ಬಿಡುವುದು ವಾಸಿ. ನೀರು, ಬಿಳಿ ಟವೆಲ್, ಸಣ್ಣ ಟಾರ್ಚ್ ಚೀಲದಲ್ಲಿರಲಿ. ಒಂದು ಜೊತೆ ಕಾಲುಚೀಲವೂ ಇರಲಿ. ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಮೇಲೆ ಅಂಗಳದ ಕಲ್ಲು ಹೆಂಚಿನಂತೆ ಕಾಯುತ್ತದೆ.

ಹಂತ 3: ಕೇಳಿ ತೆಗೆಯಿರಿ

ಇವು ಪಾಳುಬಿದ್ದ ಗುಡಿಗಳಲ್ಲ, ಇಂದಿಗೂ ಪೂಜೆ ನಡೆಯುತ್ತದೆ. "ಸ್ವಾಮೇರ, ಫೋಟೋ ಹೊಡ್ಕೊಳ್ಳಲೇನ್ರಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ದೇವ್ರುದು ಬ್ಯಾಡ, ಹೊರಗಿಂದು ಎಷ್ಟಾರ ಹೊಡ್ಕೋರಿ." ಅದಕ್ಕೆ ಚೌಕಾಶಿ ಬೇಡ. ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಕಡೆ ಸ್ಟ್ಯಾಂಡ್ ಇಡಲು, ಡ್ರೋನ್ ಹಾರಿಸಲು ಅನುಮತಿ ಬೇಕು.

ಹಂತ 4: ಬೆಳಕು ಓರೆಯಾಗಿ ಬೀಳಲಿ

ಇಡೀ ಕೆಲಸದ ಗುಟ್ಟು ಇಲ್ಲಿದೆ. ಮೆಕ್ಸಿಕೋದ ಚಿಚೆನ್ ಇಟ್ಜಾದಲ್ಲಿ ಮಾಯಾ ಜನರ ಪಿರಮಿಡ್ಡಿನ ಮೆಟ್ಟಿಲ ಪಕ್ಕ ಹಾವಿನಂಥ ನೆರಳು ಮೂಡುವುದನ್ನು ನೋಡಲು ಹಗಲು-ರಾತ್ರಿ ಸಮನಾಗುವ ದಿನಗಳಿಗೆ ಸಾವಿರಾರು ಜನ ಸೇರುತ್ತಾರೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅದು ಕಾಣುವುದು. ನಮ್ಮ ಗುಡಿಗಳಿಗೆ ಅಷ್ಟು ಕಾಯಬೇಕಿಲ್ಲ, ದಿನಾ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ನಂತರ ಆ ಬೆಳಕು ಸಿಗುತ್ತದೆ. ಈ ಗುಡಿಗಳ ಬಳಪದ ಕಲ್ಲು ಮೃದು. ಅದಕ್ಕೇ ಶಿಲ್ಪಿಗಳು ಅಷ್ಟು ಆಳಕ್ಕೆ ಕೊರೆದರು. ನೆತ್ತಿಯ ಬಿಸಿಲಿನಲ್ಲಿ ಆ ಆಳವೆಲ್ಲ ಕಪ್ಪು ಗುಂಡಿಯಾಗುತ್ತದೆ. ಮೋಡ ಕವಿದ ದಿನವಾದರೆ ಬೇಸರ ಬೇಡ, ಬಾಗಿಲವಾಡದ ಸಣ್ಣ ಕೆತ್ತನೆಗೆ ಅದೂ ಒಳ್ಳೆಯದೇ.

ಹಂತ 5: ಬಾಗಿಲವಾಡದ ಮುಂದೆ ಕೂತುಬಿಡಿ

ಮೊದಲು ಲೆನ್ಸ್ ಒರೆಸಿ. 0.5ರ ಅಗಲ ಲೆನ್ಸ್ ಕಂಬಗಳನ್ನು ವಾಲಿಸುತ್ತದೆ, ಅದನ್ನು ಮರೆತು ನಾಲ್ಕು ಹೆಜ್ಜೆ ಹಿಂದೆ ಸರಿದು 2ರಲ್ಲಿ ತೆಗೆಯಿರಿ. ಪರದೆಯ ಮೇಲೆ ಗ್ರಿಡ್ ಗೆರೆ ಹಾಕಿಕೊಂಡು ಚೌಕಟ್ಟಿನ ನಿಲುವನ್ನು ಅದಕ್ಕೆ ಹೊಂದಿಸಿ. ಅತಿ ಬೆಳ್ಳಗಿರುವ ಜಾಗದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ತುಸು ಕೆಳಗೆಳೆಯಿರಿ. ಫ್ಲ್ಯಾಶ್ ಖಂಡಿತ ಬೇಡ. ಕೆಳಭಾಗ ಕತ್ತಲಾಗಿದ್ದರೆ ಜೊತೆಯವರು ಬಿಳಿ ಟವೆಲನ್ನು ಬಿಸಿಲಿಗೆ ಹಿಡಿಯಲಿ. ಅದರ ಮರುಬೆಳಕಿಗೆ ದ್ವಾರಪಾಲಕನ ಕೊರಳಹಾರದ ಮಣಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ತಿರುಗಣೆಯಲ್ಲಿ ತಿರುವಿದ ನುಣುಪು ಕಂಬಗಳಿಗೆ ಎದುರು ನಿಲ್ಲಬೇಡಿ. ನಿಧಾನವಾಗಿ ಪಕ್ಕಕ್ಕೆ ನಡೆಯಿರಿ, ಬಳೆಯಂಥ ಅಂಚುಗಳ ಮೇಲೆ ಬೆಳಕಿನ ಗೆರೆ ಮೇಲಿನಿಂದ ಕೆಳಗೆ ಇಳಿಯುವ ಕಡೆ ನಿಂತು ಒತ್ತಿ.

ಹಂತ 6: ಶಾಸನಕ್ಕೆ ಟಾರ್ಚ್

ಅಕ್ಷರ ಕಾಣಲೆಂದು ಸುಣ್ಣ, ವಿಭೂತಿ, ಎಣ್ಣೆ ಬಳಿಯುವ ಕೆಟ್ಟ ಚಾಳಿ ಇನ್ನೂ ಹೋಗಿಲ್ಲ. ಟಾರ್ಚನ್ನು ಕಲ್ಲಿಗೆ ತಾಗಿದಂತೆ ಪಕ್ಕದಿಂದ ಹಿಡಿದರೆ ಸಾಕು, ಸವೆದ ಸಾಲುಗಳೂ ಎದ್ದು ಬರುತ್ತವೆ.

ಹಂತ 7: ಹಳೆಯ ಚಿತ್ರದ ಪಕ್ಕದಲ್ಲಿಡಿ

ಅಲೆಕ್ಸಾಂಡರ್ ರೀ ಎಂಬ ಬ್ರಿಟಿಷ್ ಅಧಿಕಾರಿ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಗುಡಿಗಳನ್ನು ಅಳೆದು, ಗೆರೆಚಿತ್ರ ಬರೆಸಿ, 1896ರಲ್ಲಿ ಚಾಲುಕ್ಯ ವಾಸ್ತುವಿನ ಪುಸ್ತಕ ತಂದ. ಅದರಲ್ಲಿ ನಿಮ್ಮ ಗುಡಿಯ ಪುಟ ಹುಡುಕಿ. ಅದೇ ಕೋನದಿಂದ ಇನ್ನೊಮ್ಮೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಏನು ಮುಕ್ಕಾಗಿದೆ, ಎಲ್ಲಿ ಸಿಮೆಂಟು ಬಿದ್ದಿದೆ ಎಂದು. ಫೋಟೋದ ಹೆಸರಿನಲ್ಲಿ ಊರು, ತಾರೀಖು, ಯಾವ ದಿಕ್ಕಿನ ಗೋಡೆ ಎಂಬುದನ್ನು ಅಂದೇ ರಾತ್ರಿ ಬರೆದಿಡಿ. ವಾರ ಕಳೆದರೆ ಮಾಗಳದ ಕಂಬ ಯಾವುದು, ಹಿರೇಹಡಗಲಿಯದು ಯಾವುದು ಎಂದು ತಿಳಿಯುವುದಿಲ್ಲ.